ಸ್ಲ್ಯಾಬ್ ಡ್ರಾಯಿಂಗ್‌ನಾಗೆ ‘ಕ್ರ್ಯಾಂಕ್’ ಅಂತ ಬರ್ದಾರೆ, ಮೇಸ್ತ್ರಿ ಬ್ಯಾಡ ಅಂತಾರೆ, ಏನ್ರೀ ಇದು?

ನಿಟುವಳ್ಳಿ ಹೊಸಮನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ನಿಟುವಳ್ಳಿ ಕಡೆ ಮನೆ ಕಟ್ಟಿಸ್ತಾ ಇದೀವಿ, ಗೋಡೆ ಎಲ್ಲಾ ಮುಗ್ದು ಸೆಂಟ್ರಿಂಗ್ ಹೊಡ್ದಾಗೈತಿ, ಈ ವಾರ ಕಬ್ಬಿಣ ಕಟ್ತಾರೆ, ಬರೋ ವಾರ ಮೋಲ್ಡ್ ಹಾಕೋದು ಅಂತ ಮಾತಾಗೈತಿ. ಇಂಜಿನಿಯರ್ ಕೊಟ್ಟಿರೋ ಡ್ರಾಯಿಂಗ್‌ನಾಗೆ ಸ್ಲ್ಯಾಬ್ ಪಕ್ಕ ಹಿಂಗೆ ಬರ್ದಾರೆ: 8 ಎಂಎಂ ಅಟ್ 150 ಸಿ/ಸಿ, ಆಲ್ಟ್ ಬಾರ್ಸ್ ಕ್ರ್ಯಾಂಕ್ಡ್ ಅಟ್ ಎಲ್/4. ಇದ್ರಾಗೆ 8 ಎಂಎಂ ಒಂದು ಬಿಟ್ರೆ ನಂಗೆ ಏನೂ ತಿಳೀಲಿಲ್ಲ. ಡಿಕ್ಷನರಿ ತಗ್ದು ನೋಡಿದ್ರೆ ಕ್ರ್ಯಾಂಕ್ ಅಂದ್ರೆ ತಿರುಗಿಸೋ ಹಿಡಿಕೆ ಅಂತೈತಿ, ಅದ್ರ ಕೆಳಗೇ ವಿಚಿತ್ರ ಸ್ವಭಾವದ ಮನುಷ್ಯ ಅಂತನೂ ಐತಿ, ಕಬ್ಬಿಣಕ್ಕೂ ಇದಕ್ಕೂ ಏನ್ ಸಂಬಂಧ?

ಮೇಸ್ತ್ರಿನ ಕೇಳಿದ್ರೆ ‘ಅದು ರಾಡು ಬಗ್ಗಿಸೋದು ಸಾರ್, ಹಳೇ ಕಾಲದ್ದು, ಈಗ ಯಾರೂ ಮಾಡಲ್ಲ, ಟಿಎಂಟಿ ಕಂಬಿ ಗಟ್ಟಿ ಇರ್ತದೆ, ನೇರ ಹಾಕಿದ್ರೆ ಸಾಕು’ ಅಂದ್ರು. ಅವರು ಕೆಲಸ ತಿಳ್ದೋರೇ, ಅನುಮಾನ ಇಲ್ಲ. ಆದ್ರೆ ಇಂಜಿನಿಯರ್ ಸುಮ್ನೆ ಯಾಕೆ ಬರೀತಾರೆ? ಅವರು ಬೆಂಗಳೂರಿಗೆ ಹೋಗ್ಯಾರೆ, ಬರೋದು ಇನ್ನೂ ಎರಡ್ಮೂರು ದಿನ ಆಗ್ತತಿ. ಅಷ್ಟೊತ್ತಿಗೆ ಕಬ್ಬಿಣ ಕಟ್ಟಿ ಮುಗ್ದಿರ್ತತಿ, ಅದಕ್ಕೇ ಕೇಳ್ತಾ ಇದೀನಿ. ಹಾಲು 14 ಅಡಿ ಅಗಲ 16 ಅಡಿ ಉದ್ದ, ಪಕ್ಕದಾಗೆ ಅಷ್ಟೇ ಅಳತೆದು ಇನ್ನೊಂದು ರೂಮು, ಎರಡಕ್ಕೂ ನಡುವೆ 16 ಅಡಿ ಬೀಮು, ಸ್ಲ್ಯಾಬು 5 ಇಂಚು. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ರಿ.

ಸೈಟ್ ಇಂಜಿನಿಯರ್ ಹರಿಹರ

ಮೊದ್ಲು ಆ ಸಾಲು ಓದೋದು ಹೇಳ್ತೀನಿ. 150 ಸಿ/ಸಿ ಅಂದ್ರೆ ಒಂದು ರಾಡಿನ ಮಧ್ಯದಿಂದ ಪಕ್ಕದ ರಾಡಿನ ಮಧ್ಯಕ್ಕೆ 150 ಎಂಎಂ, ಅಂದ್ರೆ 6 ಇಂಚು. ಆಲ್ಟ್ ಅಂದ್ರೆ ಆಲ್ಟರ್ನೇಟ್, ಒಂದು ಬಿಟ್ಟು ಒಂದು. ಕ್ರ್ಯಾಂಕ್ಡ್ ಅಂದ್ರೆ ರಾಡನ್ನ ಒಂದು ಜಾಗದಲ್ಲಿ 45 ಡಿಗ್ರಿ ಮೇಲಕ್ಕೆ ಎತ್ತಿ ಮತ್ತೆ ನೇರ ಮಾಡೋದು, ಕೆಳಗೆ ಮಲಗಿದ್ದ ರಾಡು ಅಲ್ಲಿಂದ ಸ್ಲ್ಯಾಬಿನ ಮೇಲ್ಭಾಗದಲ್ಲಿ ಓಡ್ತದೆ. ಎಲ್/4 ಅಂದ್ರೆ ಎಲ್ಲಿ ಎತ್ತಬೇಕು ಅನ್ನೋದು, ನಿಮ್ಮ 14 ಅಡಿಗೆ ನಾಲ್ಕನೇ ಒಂದು ಭಾಗ, ಬೀಮಿನಿಂದ ಮೂರೂವರೆ ಅಡಿ ದೂರಕ್ಕೆ.

ಇನ್ನ ಯಾಕೆ ಅನ್ನೋದು. ಒಂದು ಉದ್ದದ ಪ್ಲಾಸ್ಟಿಕ್ ಸ್ಕೇಲ್ ತಗೊಳ್ಳಿ, ಎರಡು ತುದಿಗೆ ಒಂದೊಂದು ಮಧ್ಯಕ್ಕೆ ಒಂದು ಅಂತ ಮೂರು ಪುಸ್ತಕ ಇಟ್ಟು ಅದರ ಮೇಲೆ ಮಲಗಿಸಿ, ಎರಡೂ ಖಾಲಿ ಜಾಗದಲ್ಲಿ ಬೆರಳಿಂದ ಒಟ್ಟಿಗೆ ಒತ್ತಿ. ಒತ್ತಿದ ಕಡೆ ಕೆಳಗೆ ಜೋತು ಬೀಳ್ತದೆ, ಮಧ್ಯದ ಪುಸ್ತಕದ ಮೇಲೆ ಸ್ಕೇಲು ಉಬ್ತದೆ. ನಿಮ್ಮ ಹಾಲು ರೂಮು ಎರಡೂ ಆ ಖಾಲಿ ಜಾಗ, ನಡುವಿನ ಬೀಮು ಆ ಮಧ್ಯದ ಪುಸ್ತಕ. ಜೋತು ಬೀಳೋ ಕಡೆ ಸ್ಲ್ಯಾಬಿನ ಕೆಳಮೈ ಎಳೆತಕ್ಕೆ ಸಿಗ್ತದೆ, ಇದಕ್ಕೆ ಸ್ಯಾಗಿಂಗ್ ಅಂತೀವಿ. ಬೀಮಿನ ಮೇಲೆ ಉಲ್ಟಾ, ಮೇಲ್ಮೈ ಎಳೆತಕ್ಕೆ ಸಿಗ್ತದೆ, ಅದು ಹಾಗಿಂಗ್. ಕಾಂಕ್ರೀಟಿಗೆ ಒತ್ತಿದ್ರೆ ಗಟ್ಟಿ, ಎಳೆದ್ರೆ ಇಲ್ಲ. ಎಂ20 ಕಾಂಕ್ರೀಟು ಒತ್ತಡಕ್ಕೆ ಚದರ ಎಂಎಂಗೆ 20 ನ್ಯೂಟನ್ ತಡ್ಕೊಳ್ಳೋದಾದ್ರೆ ಬಗ್ಗುವಾಗ ಬರೋ ಎಳೆತಕ್ಕೆ 3 ಚಿಲ್ಲರೆಗೇ ಬಿರುಕು ಬಿಡ್ತದೆ (ಐಎಸ್ 456 ಅನ್ನೋ ಕಾಂಕ್ರೀಟ್ ಕೋಡ್ ಪ್ರಕಾರ 20ರ ವರ್ಗಮೂಲ ಇಂಟು 0.7). ಆ ಎಳೆತ ಹೊರೋದಕ್ಕೇ ಕಬ್ಬಿಣ ಇರೋದು. ಎಳೆತ ಎಲ್ಲಿ ಇರ್ತದೋ ಕಬ್ಬಿಣ ಅಲ್ಲೇ ಇರಬೇಕು, ರೂಮಿನ ಮಧ್ಯ ಕೆಳಗೆ, ಬೀಮಿನ ಹತ್ರ ಮೇಲೆ. ಕ್ರ್ಯಾಂಕ್ ಮಾಡೋದು ಅದೇ ಕೆಲಸ, ಒಂದೇ ರಾಡು ಕೆಳಗೆ ಬೇಕಾದ ಕಡೆ ಕೆಳಗೆ ಇದ್ದು ಮೇಲೆ ಬೇಕಾದ ಕಡೆ ಮೇಲಕ್ಕೆ ಹತ್ತುತ್ತೆ.

ಹಂಗಾಗಿ ಟಿಎಂಟಿ ಗಟ್ಟಿ ಅನ್ನೋ ಮಾತು ಇಲ್ಲಿ ಹೊಂದಲ್ಲ. ಎಷ್ಟೇ ಗಟ್ಟಿ ಕಬ್ಬಿಣ ಇದ್ರೂ 4 ಇಂಚು ಕೆಳಗೆ ಮಲಗಿದ್ರೆ ಮೇಲ್ಮೈ ಬಿರುಕನ್ನ ಅದು ಹಿಡಿಯೋಕಾಗಲ್ಲ.

ಆದ್ರೆ ನಿಮ್ಮ ಮೇಸ್ತ್ರಿ ಮಾತಲ್ಲೂ ಅರ್ಧ ನಿಜ ಇದೆ, ಅದನ್ನೂ ಹೇಳ್ಬೇಕು. ಈಗ ಬಹಳ ಜನ ಡಿಸೈನರ್‌ಗಳು ಕ್ರ್ಯಾಂಕ್ ಬಿಟ್ಟು ಕೆಳಗಿನ ರಾಡೆಲ್ಲ ನೇರ ಬಿಡಿಸಿ, ಬೀಮಿನ ಮೇಲೆ ಬೇರೆ ಟಾಪ್ ರಾಡು ಕೊಡ್ತಾರೆ, ಸೈಟಲ್ಲಿ ಎಕ್ಸ್‌ಟ್ರಾ ಅಂತೀವಲ್ಲ ಅದು. ಕೆಲಸ ಸುಲಭ, ಚೆಕ್ ಮಾಡೋಕೂ ಸುಲಭ. ಅದೂ ಸರಿನೇ. ಈಗ ಅವರು ‘ನೇರ ಹಾಕ್ತೀನಿ’ ಅಂದ್ರೆ ನೀವು ಕೇಳ್ಬೇಕಾದ ಪ್ರಶ್ನೆ ಒಂದೇ: ಬೀಮಿನ ಮೇಲೆ ಟಾಪ್ ಎಕ್ಸ್‌ಟ್ರಾ ಹಾಕ್ತೀರಾ? ಹೌದು ಅಂದ್ರೆ ಇಂಜಿನಿಯರ್‌ಗೆ ಫೋನ್ ಹಚ್ಚಿ ಒಪ್ಪಿಗೆ ತಗೊಳ್ಳಿ. ಕ್ರ್ಯಾಂಕೂ ಇಲ್ಲ ಎಕ್ಸ್‌ಟ್ರಾನೂ ಇಲ್ಲ ಅಂದ್ರೆ ದಯವಿಟ್ಟು ಮೋಲ್ಡ್ ಹಾಕಿಸ್ಬೇಡಿ. ಒಂದೆರಡು ಮಳೆಗಾಲದಲ್ಲಿ ಆ 16 ಅಡಿ ಬೀಮಿನ ಉದ್ದಕ್ಕೂ ಟೆರೇಸ್ ಮೇಲೆ ಒಂದು ಗೆರೆ ಏಳ್ತದೆ, ಅದರಲ್ಲಿ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡೀತದೆ, ಆಮೇಲೆ ವಾಟರ್‌ಪ್ರೂಫಿಂಗ್‌ನೋರಿಗೆ ದುಡ್ಡು ಸುರಿಯೋದೇ ಕೆಲಸ.

ಯುಬಿಡಿಟಿ ಸಿವಿಲ್

ಅಣ್ಣಾ ನಾನು ಇಲ್ಲೇ ದಾವಣಗೆರೆ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಸಿವಿಲ್ ಓದ್ತಿದೀನಿ, ಪದದ ಬಗ್ಗೆ ಕೇಳಿದ್ರಲ್ಲ ಅದಕ್ಕೆ ಬರೀತಿದೀನಿ. ಕ್ರ್ಯಾಂಕ್ ಅನ್ನೋದು ಇಂಗ್ಲಿಷಿನ ಬಹಳ ಹಳೇ ಪದ, ಮೂಲದಲ್ಲಿ ಬಗ್ಗು, ಮುದುಡು ಅನ್ನೋ ಅರ್ಥದ್ದೇ. ಹಳೇ ಇಂಗ್ಲಿಷ್‌ನಲ್ಲಿ ನೇಕಾರರ ಒಂದು ಸಾಧನದ ಹೆಸರಲ್ಲಿ ಈ ಪದ ಸಿಗ್ತದೆ, ಮೊದಲು ಸಿಗೋದೇ ಅಲ್ಲಿ. ಕ್ರಿಂಕಲ್ ಅಂದ್ರೆ ಸುಕ್ಕು, ಕ್ರಿಂಜ್ ಅಂದ್ರೆ ಮುದುಡ್ಕೊಳ್ಳೋದು, ಇವೆಲ್ಲ ಒಂದೇ ಬಳಗ. ಹಿಡಿಕೆ ಅನ್ನೋ ಅರ್ಥ ಬಂದಿದ್ದೂ ಆ ಹಿಡಿಕೆ ಬಗ್ಗಿರೋದ್ರಿಂದ, ವಿಚಿತ್ರ ಮನುಷ್ಯ ಅನ್ನೋದು ಅದೆಷ್ಟೋ ಕಾಲ ಆದ್ಮೇಲೆ ಬಂದಿರೋದು.

ಡ್ರಾಯಿಂಗಲ್ಲಿ ಬಗ್ಗಿಸೋದಕ್ಕೆ ಬೇರೆ ಬೇರೆ ಪದ ಇವೆ, ಒಂದರ ಜಾಗಕ್ಕೆ ಇನ್ನೊಂದು ಹಾಕೋಕಾಗಲ್ಲ. ಬೆಂಡ್ ಅಂದ್ರೆ ಸಾಮಾನ್ಯವಾಗಿ ಯಾವ ಬಗ್ಗಿಸೋದಕ್ಕೂ ನಡೀತದೆ, ಹೆಚ್ಚಾಗಿ ತುದಿಯಲ್ಲಿ 90 ಡಿಗ್ರಿ ಎಲ್ ಬೆಂಡ್. ಹುಕ್ ಅಂದ್ರೆ ತುದಿ ಹಿಂದಕ್ಕೆ ಮಡಚಿರಬೇಕು, 135 ಅಥವಾ 180. ಕ್ರ್ಯಾಂಕ್ ಅಂದ್ರೆ ಮಾತ್ರ ಎರಡು ಸಲ ಬಗ್ಗಬೇಕು, ಒಂದು ಸಲ ಮೇಲಕ್ಕೆ ಇನ್ನೊಂದು ಸಲ ವಾಪಸ್ ನೇರಕ್ಕೆ, ರಾಡಿನ ದಿಕ್ಕು ಅದೇ ಇರ್ತದೆ ಮಟ್ಟ ಮಾತ್ರ ಬದಲಾಗ್ತದೆ. ಕಾಲಂ ರಾಡು ಒಂದು ಫ್ಲೋರಿಂದ ಇನ್ನೊಂದಕ್ಕೆ ಲ್ಯಾಪ್ ಆಗೋ (ಒಂದರ ಪಕ್ಕ ಒಂದು ಸೇರೋ) ಕಡೆ ಸ್ವಲ್ಪ ಒಳಗೆ ತಗೊಳ್ತಾರಲ್ಲ, ಅದಕ್ಕೂ ಕ್ರ್ಯಾಂಕ್ ಅಂತಾರೆ, ಆದ್ರೆ ಅಲ್ಲಿ 45 ಡಿಗ್ರಿ ಮಾಡ್ಬಾರ್ದು. 6ಕ್ಕೆ 1ರಷ್ಟೇ ಓರೆ ಇರಬೇಕು, ಅಂದ್ರೆ ಒಂದು ಇಂಚು ಒಳಗೆ ಬರೋಕೆ 6 ಇಂಚು ಉದ್ದ.

ಕಟಿಂಗ್ ಲೆಂತ್ ಬಗ್ಗೆನೂ ಹೇಳ್ಬಿಡ್ತೀನಿ, ರಾಡು ಕಟ್ ಮಾಡೋ ಮುಂಚೆ ಬೇಕಾಗ್ತದೆ. ನಿಮ್ಮ ಸ್ಲ್ಯಾಬು 125 ಎಂಎಂ, ಕೆಳಗೆ 20 ಮೇಲೆ 20 ಕವರ್ (ರಾಡನ್ನ ಮುಚ್ಚೋ ಕಾಂಕ್ರೀಟಿನ ದಪ್ಪ) ಬಿಟ್ಟು ರಾಡಿನ 8 ಕಳೆದ್ರೆ 77 ಎಂಎಂ ಎತ್ತಬೇಕು. 45 ಡಿಗ್ರಿಯಲ್ಲಿ ಓರೆಯಾಗಿ ಹತ್ತಿದ್ರೆ ಆ 77ಕ್ಕೆ 1.414 ಪಟ್ಟು ಉದ್ದ ಬೇಕು, ನೇರ ಹೋಗಿದ್ರೆ ಬರೀ 77, ವ್ಯತ್ಯಾಸ 0.414 ಪಟ್ಟು. ಇದನ್ನೇ ಎಲ್ಲರೂ 0.42 ಡಿ ಅಂತ ಇಟ್ಕೊಂಡಿದಾರೆ, ಡಿ ಅಂದ್ರೆ ಇಲ್ಲಿ ಎತ್ತೋ ಎತ್ತರ. ಒಂದು ಕ್ರ್ಯಾಂಕಿಗೆ 32 ಎಂಎಂ, ಒಂದೂಕಾಲು ಇಂಚು. ಎರಡೂ ತುದಿಗೆ ಕ್ರ್ಯಾಂಕ್ ಇದ್ರೆ ಎರಡೂವರೆ ಇಂಚು ಜಾಸ್ತಿ ಬಿಟ್ಟು ಕಟ್ ಮಾಡಿಸಿ, ಇಲ್ಲಾಂದ್ರೆ ಬಗ್ಗಿಸಿದ್ಮೇಲೆ ತುದಿ ಬೀಮಿನ ಆಚೆಗೆ ಬೇಕಾದಷ್ಟು ಹೋಗಲ್ಲ.

ಪಿ.ಬಿ. ರೋಡ್ ಗ್ಯಾರೇಜ್

ನಮ್ ಕೆಲಸದಾಗೆ ದಿನಾ ಬಾಯಾಗಿರೋ ಪದ ಇದು. ಕ್ರ್ಯಾಂಕ್ ಶಾಫ್ಟ್ ಬಿಚ್ಚಿ ಕೈಯಾಗೆ ಹಿಡಿದ್ ನೋಡಿದ್ರೆ ತಿಳೀತತಿ, ನೇರ ಇರೋ ಶಾಫ್ಟು ಪಿಸ್ಟನ್ ರಾಡ್ ಹಿಡಿಯೋ ಕಡೆ ಪಕ್ಕಕ್ಕೆ ಸರಿದು ಮತ್ತೆ ಲೈನಿಗೆ ಬಂದಿರ್ತತಿ, ಹಂಗೆ ಸರಿದಿರೋದ್ರಿಂದಾನೇ ಮೇಲೆ ಕೆಳಗೆ ಆಡೋ ಪಿಸ್ಟನ್ನು ಗಾಲಿ ತಿರುಗಿಸ್ತತಿ. ಹಳೇ ಲಾರಿ ಮುಂದಕ್ಕೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಿ ಸ್ಟಾರ್ಟ್ ಮಾಡ್ತಿದ್ರಲ್ಲ ಅದೂ ಕ್ರ್ಯಾಂಕೇ. ಈಗ ಬಟನ್ ಒತ್ತಿದ್ರೂ ನಾವು ‘ಕ್ರ್ಯಾಂಕ್ ಆಗ್ತತಿ ಸ್ಟಾರ್ಟ್ ಆಗಲ್ದು’ ಅಂತೀವಿ.

ನಿಟುವಳ್ಳಿ ಹೊಸಮನೆ

ಹರಿಹರ ಸಾರ್, ತಮ್ಮಾ, ಗ್ಯಾರೇಜ್ ಅಣ್ಣ, ಎಲ್ಲರಿಗೂ ಬಹಳ ಥ್ಯಾಂಕ್ಸ್ ರೀ. ಸ್ಕೇಲ್ ಇಟ್ಟು ಮನ್ಯಾಗೆ ಎಲ್ಲರೂ ನೋಡಿದ್ವಿ, ನಮ್ಮವ್ವಗೂ ಅರ್ಥ ಆತು. ಮೇಸ್ತ್ರಿನ ಸಂಜೆ ಕೇಳ್ದೆ, ಎಕ್ಸ್‌ಟ್ರಾ ಬಗ್ಗೆ ಅವರು ಏನೂ ಅಂದ್ಕೊಂಡಿರ್ಲಿಲ್ಲ. ಎಕ್ಸ್‌ಟ್ರಾ ಬೇಕು ಅಂದ್ರೆ ಕಬ್ಬಿಣ ಬಹಳ ಆಗ್ತತಿ ಸಾರ್ ಅಂದ್ರು. ಎಷ್ಟ್ ಆಗ್ಬೋದು? ಮತ್ತೆ ಕ್ರ್ಯಾಂಕೇ ಮಾಡಿಸ್ತೀನಿ ಅಂದ್ರೆ ಕಬ್ಬಿಣ ಹಾಸಿ ಆದ್ಮೇಲೆ ಬಗ್ಗಿಸ್ಬೋದಾ, ಮೊದ್ಲೇ ಬಗ್ಗಿಸಿ ತರ್ಬೇಕಾ? ಅರ್ಧ ರಾಡು ಆಗ್ಲೇ ಹಾಸ್ಯಾರೆ.

ಸೈಟ್ ಇಂಜಿನಿಯರ್ ಹರಿಹರ

ಲೆಕ್ಕ ಹಾಕಿ ಹೇಳ್ತೀನಿ. ಟಾಪ್ ರಾಡು ಬೀಮಿನ ಎರಡೂ ಕಡೆ 0.3 ಎಲ್ ತನಕ ಹೋಗ್ಬೇಕು ಅಂತ ಹಿಡಿಯೋಣ, 14 ಅಡಿಗೆ ಅದು 4.2 ಅಡಿ. ಎರಡು ಕಡೆ ಸೇರಿ ಬೀಮಿನ ಅಗಲನೂ ಸೇರಿಸಿದ್ರೆ ಒಂದು ರಾಡು 9 ಅಡಿ ಚಿಲ್ಲರೆ. 8 ಎಂಎಂ ರಾಡು ಮೀಟರಿಗೆ 0.395 ಕೆಜಿ ತೂಗ್ತದೆ, ಅಂದ್ರೆ ಒಂದಕ್ಕೆ 1.1 ಕೆಜಿ. 16 ಅಡಿ ಬೀಮಿನ ಉದ್ದಕ್ಕೂ 6 ಇಂಚಿಗೊಂದರಂತೆ 33 ರಾಡು, ಒಟ್ಟು 36 ಕೆಜಿ ಆಸುಪಾಸು, ಅದನ್ನ ಹಿಡಿದು ಕಟ್ಟೋಕೆ ಅಡ್ಡ ರಾಡು ಸ್ವಲ್ಪ. ಇಡೀ ಮನೆ ಕಬ್ಬಿಣದಲ್ಲಿ ಇದೇನು ದೊಡ್ಡ ಲೆಕ್ಕ ಅಲ್ಲ. ಇಷ್ಟಕ್ಕೋಸ್ಕರ ಮೇಲಿನ ಕಬ್ಬಿಣನೇ ಬಿಟ್ಬಿಡೋದು ನಂಗೆ ಖಂಡಿತ ಒಪ್ಪಿಗೆ ಇಲ್ಲ.

ಹೊರಗಿನ ಗೋಡೆ ಕಡೆನೂ ಮರೀಬೇಡಿ. ಅಲ್ಲಿ ಸ್ಲ್ಯಾಬು ಮುಂದುವರೆಯಲ್ಲ, ಆದ್ರೂ ಮೇಲೆ ಪ್ಯಾರಾಪೆಟ್ ಭಾರ ಕೂತು ತುದಿ ಹಿಡ್ಕೊಂಡಂಗೆ ಆಗ್ತದೆ. ಅದಕ್ಕೇ ಮಧ್ಯದಲ್ಲಿರೋ ಕಬ್ಬಿಣದ ಅರ್ಧದಷ್ಟು ಅಲ್ಲಿ ಮೇಲ್ಭಾಗದಲ್ಲಿ ಇರಬೇಕು, 0.1 ಎಲ್ ತನಕ ಅಂತ ಕೋಡ್ ಹೇಳ್ತದೆ. ಒಂದು ಬಿಟ್ಟು ಒಂದು ಕ್ರ್ಯಾಂಕ್ ಮಾಡಿದ್ರೆ ಆ ಅರ್ಧ ತಾನಾಗೇ ಬರ್ತದೆ, ಕ್ರ್ಯಾಂಕಿನ ಲಾಭ ಇದು. ಹಾಸಿದ್ಮೇಲೆ ಬಗ್ಗಿಸೋದು ಹೆಂಗೆ ಅನ್ನೋದನ್ನ ದಿನಾ ಅದೇ ಮಾಡೋರು ಯಾರಾದ್ರೂ ಹೇಳಿದ್ರೆ ಚೆನ್ನ.

ಹೊಸದುರ್ಗ ಕಂಬಿ ಕೆಲಸ

ನಾನು ಹೇಳ್ತೀನಿ, ನಮ್ದು ಇದೇ ಕೆಲಸ, ಚಿತ್ರದುರ್ಗ ದಾವಣಗೆರೆ ಎರಡೂ ಕಡೆ ಮಾಡ್ತೀವಿ. ಹಾಸಿದ್ಮೇಲೆ ಬಗ್ಗಿಸ್ಬೋದು, 8 ಎಂಎಂ 10 ಎಂಎಂ ಹಂಗೇ ಮಾಡೋದು ನಾವು. ಮೊದ್ಲು ಸೆಂಟ್ರಿಂಗ್ ಹಲಗೆ ಮೇಲೆ ಚಾಕ್‌ಪೀಸಲ್ಲಿ ಬೀಮಿಂದ ಮೂರೂವರೆ ಅಡಿಗೆ ಗೆರೆ ಹೊಡೀಬೇಕು, ದಾರ ಹಿಡಿದು ಹೊಡೆದ್ರೆ ಎಲ್ಲಾ ಕ್ರ್ಯಾಂಕು ಒಂದೇ ಲೈನಿಗೆ ಬರ್ತವೆ. ರಾಡು ಹಾಸಿ ಮಧ್ಯದಲ್ಲಿ ಮಾತ್ರ ಬಿಗಿಯಾಗಿ ತಂತಿ ಕಟ್ಟಿ, ಬೀಮಿನ ಕಡೆ ಕಟ್ಬೇಡಿ, ಕಟ್ಟಿದ್ರೆ ಎತ್ತೋಕಾಗಲ್ಲ. ಆಮೇಲೆ ಎರಡು ಕೀ (ರಾಡು ಬಗ್ಗಿಸೋ ಸನ್ನೆ) ಬೇಕು, ಒಬ್ರು ಗೆರೆ ಮೇಲೆ ಒಂದು ಕೀ ಹಾಕಿ ಗಟ್ಟಿ ಹಿಡಿಯೋದು ಇನ್ನೊಬ್ರು 3 ಇಂಚು ಆಚೆ ಇನ್ನೊಂದು ಕೀ ಹಾಕಿ ಎತ್ತೋದು, ಒಂದೇ ಸಲ ಜರ್ ಅಂತ ಎಳೀಬಾರ್ದು ಮೆಲ್ಲಗೆ ಎತ್ತಬೇಕು, ಮೊದಲ ಬಗ್ಗು ಮೇಲಕ್ಕೆ ಬಂದ್ಮೇಲೆ ಎರಡನೇ ಬಗ್ಗು ವಾಪಸ್ ಕೆಳಮುಖ ಒತ್ತಿ ಮಟ್ಟ ಮಾಡೋದು. ಎತ್ತಿದ ರಾಡು ಕೆಳಗಿನ ಹಲಗೆಯಿಂದ 4 ಇಂಚಿನ ಹತ್ರ ಇರಬೇಕು, ನಾವು ಒಂದು ಮರದ ತುಂಡು ಆ ಅಳತೆಗೆ ಕುಯ್ದು ಇಟ್ಕೊಂಡು ಪ್ರತಿ ರಾಡಿಗೂ ಕೊಟ್ಟು ನೋಡ್ತೀವಿ.

ದೊಡ್ಡ ರಾಡು 16 ಎಂಎಂ 20 ಎಂಎಂ ಬೀಮಿನದು ಆದ್ರೆ ಹಿಂಗೆ ಆಗಲ್ಲ, ಕೆಳಗೆ ಬೆಂಡಿಂಗ್ ಟೇಬಲ್ ಮೇಲೇ ಮಾಡ್ಕೊಂಡು ಮೇಲೆ ಹತ್ತಿಸ್ಬೇಕು.

ಒಂದ್ ವಿಷಯ ಎಲ್ಲರೂ ಗಮನ ಇಟ್ಟು ಕೇಳಿ. ಟಿಎಂಟಿ ರಾಡಿಗೆ ಬೆಂಕಿ ತೋರಿಸ್ಬೇಡಿ. ದಪ್ಪ ರಾಡು ಬಗ್ಗಲ್ಲ ಅಂತ ಗ್ಯಾಸ್ ಹಚ್ಚಿ ಕೆಂಪಗೆ ಮಾಡಿ ಬಗ್ಗಿಸೋರು ಇದಾರೆ, ಸುಲಭ ಆಗ್ತದೆ ನಿಜ, ರಾಡು ಹಾಳಾಗ್ತದೆ. ಮಿಲ್ಲಿನಲ್ಲಿ ಕೆಂಪಗಿರೋವಾಗ್ಲೇ ನೀರು ಹೊಡೆದು ಹೊರಪದರ ಗಟ್ಟಿ ಮಾಡಿರ್ತಾರೆ ಒಳಗಿಂದು ಮೆತ್ತಗೆ ಬಿಟ್ಟಿರ್ತಾರೆ, ಮತ್ತೆ ಕಾಯಿಸಿದ್ರೆ ಆ ಹೊರಪದರದ ಗಟ್ಟಿತನ ಹೋಯ್ತು. ಇನ್ನೊಂದು, 40 ಅಡಿ ರಾಡು ಗಲ್ಲಿಗೆ ಬರಲ್ಲ ಅಂತ ಅಂಗಡಿಯೋರು ಮಧ್ಯಕ್ಕೆ ಮಡಚಿ ಟೆಂಪೋದಲ್ಲಿ ಕಳಿಸ್ತಾರಲ್ಲ, ಆ ಮಡಚಿದ ಜಾಗನ ಸುತ್ತಿಗೆಯಲ್ಲಿ ಬಡಿದು ನೇರ ಮಾಡಿ ಅದನ್ನೇ ತಂದು ರೂಮಿನ ನಟ್ಟನಡುವೆ ಹಾಕ್ಬೇಡಿ. ಆ ಜಾಗ ಕಟಿಂಗಲ್ಲಿ ಹೋಗೋ ಹಂಗೆ ನೋಡ್ಕೊಳ್ಳಿ, ತುದಿಗೆ ಬರೋ ಹಂಗೆ ಆದ್ರೂ ಮಾಡಿ.

ಯುಬಿಡಿಟಿ ಸಿವಿಲ್

ಕಂಬಿ ಕೆಲಸದ ಅಣ್ಣ ಹೇಳಿದ್ದಕ್ಕೆ ಸೇರಿಸ್ತೀನಿ. ರಾಡಿನ ಕೋಡ್ ಐಎಸ್ 1786 ಪ್ರಕಾರ ಬೆಂಡ್ ಟೆಸ್ಟಿಗೆ 20 ಎಂಎಂ ತನಕದ ಎಫ್‌ಇ 500 ಗ್ರೇಡಿನ ರಾಡನ್ನ ತನ್ನ ವ್ಯಾಸದ 4 ಪಟ್ಟು ದಪ್ಪದ ಉರುಳೆ ಸುತ್ತ ಬಗ್ಗಿಸಿ ನೋಡ್ತಾರೆ, 500ಡಿ ಆದ್ರೆ 3 ಪಟ್ಟು. ಈ ಡಿ ಅಂದ್ರೆ ಡಕ್ಟಿಲಿಟಿ, ಅದಕ್ಕೆ ತುಂಡಾಗೋ ಮುಂಚೆ ಕಡಿಮೆ ಅಂದ್ರೂ ನೂರಕ್ಕೆ 16ರಷ್ಟು ಉದ್ದಕ್ಕೆ ಹಿಗ್ಗೋ ಗುಣ ಇರಬೇಕು, ಬರೀ 500ಕ್ಕೆ 12 ಸಾಕು. ಬಗ್ಗಿಸೋ ಕೆಲಸ ಜಾಸ್ತಿ ಇದ್ರೆ ಡಿ ತಗೊಳ್ಳೋದು ಒಳ್ಳೇದು, ಬಿಲ್ಲಲ್ಲಿ ಮಾತ್ರ ಅಲ್ಲ ರಾಡಿನ ಮೇಲೆನೇ ಉಬ್ಬಿರೋ ಅಕ್ಷರ ನೋಡ್ಕೊಳ್ಳಿ. ಮೊಳೆ ಹಾಕ್ಕೊಂಡು ಚೂಪಾಗಿ ಮಡಚಿದ್ರೆ ಬಗ್ಗಿದ ಜಾಗದ ಹೊರಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸ್ತದೆ, ಕಂಡ್ರೆ ಆ ರಾಡು ಬದಿಗಿಡಿ.

ಸೈಟ್ ಇಂಜಿನಿಯರ್ ಹರಿಹರ

ಕಂಬಿ ಕೆಲಸದ ಅಣ್ಣ ಸರಿಯಾಗಿ ಹೇಳಿದ್ರು. ನಾನು ಸೈಟಲ್ಲಿ ಮೊದ್ಲು ನೋಡೋದು ಸಜ್ಜಾ ಮತ್ತು ಬಾಲ್ಕನಿ, ಅದೊಂದು ಹೇಳ್ದೆ ಬಿಟ್ರೆ ನಂಗೆ ಸಮಾಧಾನ ಇಲ್ಲ. ಸಜ್ಜಾ ಒಂದೇ ಕಡೆ ಹಿಡ್ಕೊಂಡು ಗಾಳಿಯಲ್ಲಿ ನಿಂತಿರೋದು, ಅದಕ್ಕೆ ಸ್ಯಾಗಿಂಗೇ ಇಲ್ಲ, ಉದ್ದಕ್ಕೂ ಹಾಗಿಂಗ್ ಮಾತ್ರ. ಅಂದ್ರೆ ಅದರ ಮೇನ್ ಕಬ್ಬಿಣ ಪೂರ್ತಿ ಮೇಲ್ಭಾಗದಲ್ಲೇ ಇರಬೇಕು. ಕಟ್ಟೋವಾಗ ಮೇಲೇ ಇರ್ತದೆ. ಮೋಲ್ಡ್ ದಿನ ಬಾಂಡ್ಲಿ ಹೊತ್ತೋರು ಅದರ ಮೇಲೆ ಓಡಾಡ್ತಾರೆ, ರಾಡು ಕೆಳಗೆ ಕೂತುಬಿಡ್ತದೆ, ಕಾಂಕ್ರೀಟ್ ಮುಚ್ಚಿದ್ಮೇಲೆ ಯಾರಿಗೂ ಕಾಣಲ್ಲ. ಸೆಂಟ್ರಿಂಗ್ ಬಿಚ್ಚೋವಾಗ ಸಜ್ಜಾ ಬೀಳೋದಕ್ಕೆ ಬಹಳ ಸಲ ಇದೇ ಕಾರಣ, ಕೆಳಗೆ ಆಳುಗಳು ನಿಂತಿರ್ತಾರೆ. ಅದಕ್ಕೆ ಚೇರ್ ಕೊಡ್ಲೇಬೇಕು, ವೇಸ್ಟ್ ರಾಡಲ್ಲಿ ಮಾಡೋ ಕಾಲು, ಮೂರು ಅಡಿಗೊಂದು. ಕ್ರ್ಯಾಂಕಿಗೂ ಹಂಗೇ, ಎತ್ತಿದ ರಾಡಿನ ಕೆಳಗೆ ಚೇರ್ ಇಲ್ದಿದ್ರೆ ಬೆಳಗ್ಗೆ 4 ಇಂಚಲ್ಲಿ ಇದ್ದಿದ್ದು ಮಧ್ಯಾಹ್ನಕ್ಕೆ 2 ಇಂಚಿಗೆ ಬಂದಿರ್ತದೆ. ಓಡಾಡೋಕೆ ಹಲಗೆ ಹಾಸಿ ದಾರಿ ಮಾಡ್ಕೊಡಿ, ಕಬ್ಬಿಣದ ಮೇಲೆ ಕಾಲಿಡೋಕೆ ಬಿಡ್ಬೇಡಿ.

ಬೀಮಿನ ರಿಂಗೂ (ಉದ್ದ ರಾಡುಗಳನ್ನ ಸುತ್ತಿ ಹಿಡಿಯೋ ಕಂಬಿ) ಒಂದು ಸಲ ನೋಡಿ. ತುದಿ 90 ಡಿಗ್ರಿ ಬಗ್ಗಿಸಿದ್ರೂ ಐಎಸ್ 456 ಒಪ್ತದೆ, ಬಗ್ಗಿದ್ಮೇಲೆ ರಿಂಗ್ ರಾಡಿನ ದಪ್ಪದ 8 ಪಟ್ಟು ಉದ್ದ ಬಿಡ್ಬೇಕು ಅಷ್ಟೇ. ಆದ್ರೆ 135 ಡಿಗ್ರಿ ಹುಕ್ ಮಾಡಿ ತುದಿನ ಬೀಮಿನ ಒಳಗಡೆಗೆ ತಿರುಗಿಸಿದ್ರೆ ಕವರ್ ಉದುರಿದ್ರೂ ರಿಂಗು ಬಿಚ್ಕೊಳ್ಳಲ್ಲ. ನಮ್ ಕಡೆ ಭೂಕಂಪದ ಅಪಾಯ ಕಡಿಮೆ ಅಂತ ತುಂಬಾ ಜನ ತಲೆ ಕೆಡಿಸ್ಕೊಳ್ಳಲ್ಲ. ನಾನಂತೂ ನನ್ನ ಸೈಟಲ್ಲಿ 135 ಇಲ್ದೆ ರಿಂಗು ಒಳಗೆ ಬಿಡಲ್ಲ.

ನಿಟುವಳ್ಳಿ ಹೊಸಮನೆ

ಇಂಜಿನಿಯರ್ ಫೋನಿಗೆ ಸಿಕ್ರು ರೀ. ಸ್ಲ್ಯಾಬಿಗೆ ಕ್ರ್ಯಾಂಕೇ ಮಾಡಿಸಿ, ಹಾಸಿರೋ ರಾಡು ಉದ್ದ ಸಾಲದ ಕಡೆ ಮಾತ್ರ ಮೇಲೆ ಎಕ್ಸ್‌ಟ್ರಾ ಕೊಡಿ ಅಂದ್ರು. ಮೇಸ್ತ್ರಿಗೂ ಅವರೇ ಮಾತಾಡಿದ್ರು, ಅವರೂ ಆಗ್ಲಿ ಬಿಡ್ರಿ ಅಂದ್ರು, ಮುಖ ಸಣ್ಣದು ಮಾಡ್ಕೊಳ್ಳಿಲ್ಲ. ನಾಳೆ ಗೆರೆ ಹೊಡಿಯೋಕೆ ನಾನೂ ನಿಂತಿರ್ತೀನಿ. ಒಂದೇ ಡೌಟು, ಚೇರ್ ಮಾಡೋಕೆ 8 ಎಂಎಂ ವೇಸ್ಟ್ ತುಂಡು ಸಾಕಾ, 10 ಎಂಎಂ ಬೇಕಾ?

ಹೊಸದುರ್ಗ ಕಂಬಿ ಕೆಲಸ

10 ಎಂಎಂ ಹಾಕಿ. 8ದು ಆಳು ಕಾಲಿಟ್ರೆ ಮಲಗಿಬಿಡ್ತದೆ. ಕಾಲು ಹಲಗೆಗೆ ನೇರ ತಾಗೋ ಹಂಗೆ ಇಡ್ಬೇಡಿ, ಕೆಳಗಿನ ರಾಡಿನ ಮೇಲೆ ಕೂರಿಸಿ ತಂತಿ ಕಟ್ಟಿ, ಇಲ್ಲಾಂದ್ರೆ ಸೆಂಟ್ರಿಂಗ್ ಬಿಚ್ಚಿದ್ಮೇಲೆ ಸೀಲಿಂಗಲ್ಲಿ ಕಾಲಿನ ತುದಿ ಕಾಣ್ತದೆ, ಆಮೇಲೆ ಅಲ್ಲಿಂದಾನೇ ತುಕ್ಕು ಶುರು. ಆ ಕೆಳಗಿನ ರಾಡಿಗೆ ಮುಕ್ಕಾಲು ಇಂಚಿನ ಕವರ್ ಬ್ಲಾಕ್ ಮರೀಬೇಡಿ.